ಕೊನೆಯ ಪುಟದ ಹುಡುಗರು

ನೋಟ್‌ಬುಕ್ ತಿದ್ದುವಾಗ ಕೊನೆಯ ಪುಟ ತಿರುವಿ ನೋಡುವ ಅಭ್ಯಾಸ ನನಗೆ ಮೊದಲಿನಿಂದಲೂ ಇದೆ. ಮುಂದಿನ ಪುಟಗಳಲ್ಲಿ ನಾನು ಹೇಳಿಕೊಟ್ಟದ್ದು ಇರುತ್ತದೆ, ಕೊನೆಯ ಪುಟದಲ್ಲಿ ಅವರದ್ದು. ಏಳನೇ ಕ್ಲಾಸಿನವರೆಗೆ ಅಲ್ಲಿ ಕ್ರಿಕೆಟ್ ಸ್ಕೋರು, ಚುಕ್ಕಿ ಆಟ, ಪೆನ್ನು ಬರೆಯುತ್ತದೋ ಇಲ್ಲವೋ ಎಂದು ಗೀಚಿದ ಸುರುಳಿ. ಎಂಟಕ್ಕೆ ಬರುತ್ತಿದ್ದ ಹಾಗೆ ‘ಫ್ಲೇಮ್ಸ್’ ಶುರುವಾಗುತ್ತದೆ. ಹುಡುಗನ ಹೆಸರು, ಹುಡುಗಿಯ ಹೆಸರು ಇಂಗ್ಲಿಷ್ ಅಕ್ಷರಗಳಲ್ಲಿ ಒಂದರ ಕೆಳಗೊಂದು. ಎರಡರಲ್ಲೂ ಇರುವ ಅಕ್ಷರಗಳನ್ನು ಹೊಡೆದು, ಉಳಿದವನ್ನು ಎಣಿಸಿ, ಆ ಎಣಿಕೆಯಷ್ಟು ಸಲ ‘ಫ್ಲೇಮ್ಸ್’ನ ಆರು ಇಂಗ್ಲಿಷ್ ಅಕ್ಷರಗಳ ಮೇಲೆ ಬೆರಳು ಸುತ್ತಿಸಿದರೆ ಕೊನೆಗೆ ಉಳಿಯುವ ಅಕ್ಷರ ಸ್ನೇಹವೋ, ಪ್ರೀತಿಯೋ, ಮದುವೆಯೋ, ದ್ವೇಷವೋ ಎಂದು ತೀರ್ಪು ಕೊಡುತ್ತದೆ. ‘ಎಸ್’ ಬಂದರೆ ಸಿಸ್ಟರ್. ಅಂಥ ಪುಟಗಳನ್ನು ಹರಿದಿರುತ್ತಾರೆ, ಅಂಚು ಮಾತ್ರ ಹೊಲಿಗೆಯಲ್ಲಿ ಉಳಿದಿರುತ್ತದೆ.

ರಾಖಿ ಹಬ್ಬದ ದಿನ ಎಂಟು, ಒಂಬತ್ತನೇ ಕ್ಲಾಸಿನಲ್ಲಿ ಹಾಜರಿ ಕರೆದು ನೋಡಿ. ಹುಡುಗರ ಸಾಲಿನಲ್ಲಿ ಅಲ್ಲಲ್ಲಿ ಖಾಲಿ. ಜ್ವರ, ಹೊಟ್ಟೆನೋವು, ಅಜ್ಜಿಯ ಊರು. ಒಬ್ಬ ಹುಡುಗಿಯ ಕೈಯಿಂದ ಮಾತ್ರ ರಾಖಿ ಕಟ್ಟಿಸಿಕೊಳ್ಳಬಾರದು, ಅದಕ್ಕೆ ಮನೆಯಲ್ಲಿ ಉಳಿದಿರುತ್ತಾನೆ. ಅದನ್ನು ಅವನು ಯಾರಿಗೂ ಹೇಳಿರುವುದಿಲ್ಲ. ಪಕ್ಕದಲ್ಲಿ ಕೂರುವ ಗೆಳೆಯನಿಗಂತೂ ಹೇಳುವುದೇ ಇಲ್ಲ. ಹೇಳಿದರೆ ಮಧ್ಯಾಹ್ನದ ಬೆಲ್ ಹೊಡೆಯುವಷ್ಟರಲ್ಲಿ ಗೋಡೆಯ ಮೇಲೆ ಇಬ್ಬರ ಹೆಸರೂ ಬಿದ್ದು, ನಡುವೆ ಕೂಡಿಸುವ ಚಿಹ್ನೆ ಇರುತ್ತದೆ.

ಹುಡುಗಿಯರಿಗೂ ಈ ವಯಸ್ಸು ಬರುತ್ತದೆ, ಆದರೆ ಅವರು ಜಗಲಿಯ ಮೇಲೆ ತಲೆಗೆ ತಲೆ ತಾಗಿಸಿ ಕೂತು ಮಾತಾಡಿಕೊಳ್ಳುತ್ತಾರೆ. ಹುಡುಗರು ಮಾತಾಡಿಕೊಳ್ಳುವುದಿಲ್ಲ, ರೇಗಿಸುತ್ತಾರೆ. ಒಳಗೆ ಏನೋ ಆಗುತ್ತಿದೆ, ಅದಕ್ಕೆ ಹೆಸರಿಲ್ಲ, ಕೇಳುವವರಿಲ್ಲ. ಇಂಥ ಹುಡುಗನ ಕೈಗೆ ನಾವು ಯಾವ ಪುಸ್ತಕ ಕೊಡುತ್ತೇವೆ? ಸಾಹಸ, ವಿಜ್ಞಾನಿಗಳ ಜೀವನ, ದೆವ್ವ, ಪತ್ತೇದಾರಿ. ಎಲ್ಲವೂ ಒಳ್ಳೆಯವೇ. ಆದರೆ ಪ್ರೀತಿಯ ಪಾಠಕ್ಕೆ ಮಾತ್ರ ಅವನನ್ನು ಸಿನಿಮಾಕ್ಕೆ ಬಿಟ್ಟುಕೊಟ್ಟಿದ್ದೇವೆ. ಅಲ್ಲಿ ಹುಡುಗಿ ಬೇಡವೆಂದರೂ ಹಿಂದೆ ಬಿದ್ದವನು ನಾಯಕ, ಹತ್ತು ಗೆಳೆಯರು ಅವನ ಹಿಂದೆ ಕುಣಿಯುತ್ತಾರೆ, ಮೂರನೇ ಹಾಡಿಗೆ ಅವಳು ಒಪ್ಪುತ್ತಾಳೆ. ಹದಿಮೂರರ ಹುಡುಗ ಅದನ್ನು ನಂಬುತ್ತಾನೆ, ಬೇರೇನೂ ಅವನಿಗೆ ಯಾರೂ ತೋರಿಸಿಲ್ಲವಲ್ಲ.

ನನ್ನದು ತಾಲ್ಲೂಕು ಊರಿನ ಹೈಸ್ಕೂಲು, ಕಲಿಸುವುದು ಇಂಗ್ಲಿಷ್. ವಾರಕ್ಕೊಂದು ಲೈಬ್ರರಿ ಪೀರಿಯಡ್‌ಗಾಗಿ ಒಂದು ತಗಡಿನ ಪೆಟ್ಟಿಗೆಯಲ್ಲಿ ಪುಸ್ತಕ ಇಟ್ಟುಕೊಂಡಿದ್ದೇನೆ. ಬೆಂಗಳೂರಿಗೆ ಹೋದಾಗಲೆಲ್ಲ ಹಳೇ ಪುಸ್ತಕದ ಅಂಗಡಿಗಳಲ್ಲಿ ಹುಡುಕಿ ತಂದವೇ ಹೆಚ್ಚು. ಅವುಗಳಲ್ಲಿ ಅಮೆರಿಕದ ಮಕ್ಕಳ ಕಾದಂಬರಿಗಳ ಒಂದು ಸಣ್ಣ ಗುಂಪು ಇದೆ, ಹುಡುಗರ ಮೊದಲ ಒಲವಿನ ಕಥೆಗಳು. ಅಲ್ಲಿನ ಪ್ರಕಾಶಕರು ಸುಮಾರು 8ರಿಂದ 12 ವರ್ಷದವರಿಗೆ ಬರೆದವನ್ನು ‘ಮಿಡಲ್ ಗ್ರೇಡ್’ ಎನ್ನುತ್ತಾರೆ. ಅದರ ಮೇಲಿನದು ‘ಯಂಗ್ ಅಡಲ್ಟ್’. ಮಿಡಲ್ ಗ್ರೇಡ್‌ನಲ್ಲಿ ಪ್ರೀತಿ ಕೈ ಹಿಡಿಯುವಲ್ಲಿಗೋ, ಹೆಚ್ಚೆಂದರೆ ಒಂದು ಹೆದರಿದ ಮುತ್ತಿಗೋ ನಿಲ್ಲುತ್ತದೆ. ಆ ಮಿತಿಯೊಳಗೆ ಒಳ್ಳೆಯ ಲೇಖಕರು ಎಷ್ಟು ದೂರ ಹೋಗುತ್ತಾರೆ ಎನ್ನುವುದೇ ನನ್ನನ್ನು ಅವುಗಳ ಕಡೆ ಎಳೆದದ್ದು.

ಪೆಟ್ಟಿಗೆಯಲ್ಲಿ ಅತಿ ಹೆಚ್ಚು ಕೈ ಬದಲಾಯಿಸಿದ ಪುಸ್ತಕ ‘ಫ್ಲಿಪ್ಡ್’. ಬರೆದವರು ವೆಂಡೆಲಿನ್ ವ್ಯಾನ್ ಡ್ರಾನೆನ್, ಪ್ರಕಟವಾದದ್ದು 2001ರಲ್ಲಿ. ಆಕೆಯೂ ಮೊದಲು ಮೇಷ್ಟ್ರಾಗಿದ್ದವರೇ. ನನ್ನಲ್ಲಿರುವ ಪ್ರತಿಯ ರಕ್ಷಾಪುಟದ ಮೇಲೆ ಗುಲಾಬಿ ಬಣ್ಣವಿಲ್ಲ, ಹೃದಯದ ಚಿತ್ರವಿಲ್ಲ. ತಲೆಕೆಳಗಾದ ಒಂದು ಹಳದಿ ಕೋಳಿಮರಿ ಇದೆ. ಇದನ್ನು ಸಣ್ಣ ವಿಷಯ ಅಂದುಕೊಳ್ಳಬೇಡಿ. ಹುಡುಗನೊಬ್ಬ ಪುಸ್ತಕವನ್ನು ಕೈಯಲ್ಲಿ ಹಿಡಿದು ಕಾರಿಡಾರಿನಲ್ಲಿ ನಡೆಯಬಲ್ಲನೋ ಇಲ್ಲವೋ ಎನ್ನುವುದು ಅಲ್ಲಿಗೇ ತೀರ್ಮಾನವಾಗುತ್ತದೆ.

ಕಥೆ ಎದುರುಬದುರು ಮನೆಗಳ ಇಬ್ಬರದು. ಬ್ರೈಸ್ ಲೋಸ್ಕಿ, ಜೂಲಿ ಬೇಕರ್. ಒಂದು ಅಧ್ಯಾಯ ಅವನು ಹೇಳುತ್ತಾನೆ, ಮುಂದಿನದನ್ನು ಅವಳು. ಹೆಚ್ಚಾಗಿ ಒಂದೇ ಘಟನೆ ಎರಡು ಸಲ ಬರುತ್ತದೆ. ಏಳು ವರ್ಷದವನಿದ್ದಾಗ ಅವನ ಕುಟುಂಬ ಆ ಬೀದಿಗೆ ಬರುತ್ತದೆ. ಸಾಮಾನು ಇಳಿಸುವ ಲಾರಿಯ ಹತ್ತಿರವೇ ಜೂಲಿ ಓಡಿಬಂದು ಸಹಾಯಕ್ಕೆ ನಿಲ್ಲುತ್ತಾಳೆ. ಅವಳಿಗೆ ಅದು ಪ್ರೀತಿಯ ಮೊದಲ ದಿನ, ಅವನಿಗೆ ಓಡಿ ಬಚ್ಚಿಟ್ಟುಕೊಳ್ಳುವ ವರ್ಷಗಳ ಮೊದಲ ದಿನ. ಕ್ಲಾಸಿನಲ್ಲಿ ಅವನ ಹಿಂದೆ ಕೂತು ಅವಳು ಅವನ ಕೂದಲು ಮೂಸುತ್ತಾಳೆ, ಅದಕ್ಕೆ ಕಲ್ಲಂಗಡಿಯ ವಾಸನೆ. ಈ ಭಾಗ ಓದಿದಾಗ ಕ್ಲಾಸೆಲ್ಲ ಬಿದ್ದು ಬಿದ್ದು ನಕ್ಕಿತು. ನಗಲಿ ಎಂದು ಬಿಟ್ಟೆ. ಪುಸ್ತಕ ಅವರನ್ನು ಒಳಕ್ಕೆ ಕರೆದುಕೊಳ್ಳುವುದು ಆ ಬಾಗಿಲಿನಿಂದಲೇ.

ಏಳನೇ ಕ್ಲಾಸಿಗೆ ಬರುವಾಗ ಜೂಲಿಗೆ ಒಂದು ಸಿಕಮೋರ್ ಮರದ ಸ್ನೇಹ ಇರುತ್ತದೆ. ಶಾಲೆಯ ಬಸ್ಸಿಗೆ ಕಾಯುವಾಗ ಅದರ ತುದಿಗೆ ಹತ್ತಿ ಕೂರುತ್ತಾಳೆ, ಬಸ್ಸು ಎಷ್ಟು ದೂರದಲ್ಲಿದೆ ಎಂದು ಕೆಳಗಿದ್ದವರಿಗೆ ಕೂಗಿ ಹೇಳುತ್ತಾಳೆ. ಒಂದು ಬೆಳಿಗ್ಗೆ ಮರ ಕಡಿಯುವವರು ಬರುತ್ತಾರೆ. ಅವಳು ಇಳಿಯುವುದಿಲ್ಲ. ನೀವೂ ಹತ್ತಿ ಬನ್ನಿ, ಎಲ್ಲರೂ ಮೇಲಿದ್ದರೆ ಕಡಿಯಲಾರರು ಎಂದು ಬೇಡುತ್ತಾಳೆ, ಬ್ರೈಸ್‌ನನ್ನು ಹೆಸರು ಹಿಡಿದು ಕರೆಯುತ್ತಾಳೆ. ಬಸ್ಸು ಬರುತ್ತದೆ. ಅವನು ಬಸ್ಸು ಹತ್ತುತ್ತಾನೆ. ಅವನಲ್ಲಿ ಕೆಟ್ಟತನವೇನೂ ಇಲ್ಲ, ಎಲ್ಲರೂ ಹತ್ತಿದರು, ಅವನೂ ಹತ್ತಿದ. ಮರ ಉರುಳುತ್ತದೆ. ಜೂಲಿಯ ಅಪ್ಪ ಗಾರೆ ಕೆಲಸದವನು, ಬಿಡುವಿನಲ್ಲಿ ಚಿತ್ರ ಬರೆಯುತ್ತಾನೆ. ಅವನು ಆ ಮರವನ್ನು ಬರೆದು ಮಗಳ ಕೋಣೆಗೆ ತೂಗುಹಾಕುತ್ತಾನೆ.

ಆಮೇಲೆ ಮೊಟ್ಟೆಯ ಪ್ರಸಂಗ. ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡಿದ ಜೂಲಿಯ ಹಿತ್ತಲಲ್ಲಿ ಈಗ ಕೋಳಿಗಳಿವೆ. ನೆರೆಮನೆಯ ಹೆಂಗಸರು ದುಡ್ಡು ಕೊಟ್ಟು ಮೊಟ್ಟೆ ಕೊಳ್ಳುತ್ತಾರೆ. ಬ್ರೈಸ್‌ನ ಮನೆಗೆ ಮಾತ್ರ ಅವಳು ದುಡ್ಡಿಲ್ಲದೆ ತಂದುಕೊಡುತ್ತಾಳೆ. ಅವನ ಮನೆಯವರಿಗೆ ಅಂಜಿಕೆ: ಹಿತ್ತಲು ಗಲೀಜು, ಮೊಟ್ಟೆಯಲ್ಲಿ ರೋಗ ಇದ್ದರೆ? ಬೇಡ ಎಂದು ಹೇಳಿ ಬಾ ಎಂದು ಅಪ್ಪ ಹೇಳುತ್ತಾನೆ. ಬ್ರೈಸ್‌ಗೆ ಹೇಳಲು ಬಾಯಿ ಬರುವುದಿಲ್ಲ. ಬಾಗಿಲಲ್ಲಿ ತೆಗೆದುಕೊಂಡು, ನಕ್ಕು, ಅವಳು ತಿರುಗಿದ ಮೇಲೆ ಕಸದ ಬುಟ್ಟಿಗೆ ಹಾಕುತ್ತಾನೆ. ವಾರ ವಾರವೂ, ಬಹಳ ಕಾಲ. ಒಂದು ದಿನ ಅವಳ ಕಣ್ಣಿಗೆ ಬೀಳುತ್ತದೆ.

ಈ ಅಧ್ಯಾಯವನ್ನು ಗಟ್ಟಿಯಾಗಿ ಓದಿ ಕನ್ನಡದಲ್ಲಿ ಹೇಳಿ ಮುಗಿಸಿದಾಗ ಹುಡುಗರ ಸಾಲು ಸುಮ್ಮನಿತ್ತು. ಅವರಲ್ಲಿ ಯಾರೂ ಮೊಟ್ಟೆ ಎಸೆದವರಲ್ಲ. ಆದರೆ ಬೇಡ ಎನ್ನಲಾರದೆ ತೆಗೆದುಕೊಂಡು, ಕಾಣದಂತೆ ಎಸೆಯುವುದು ಏನು ಎಂದು ಪ್ರತಿಯೊಬ್ಬನಿಗೂ ಗೊತ್ತಿತ್ತು. ಹುಡುಗ ಓದುಗನನ್ನು ಪ್ರೀತಿಯ ಕಥೆಯೊಳಕ್ಕೆ ತರುವ ದಾರಿ ಇದೇ ಎಂದು ನನಗೆ ಅನಿಸಿದ್ದು ಅವತ್ತು. ಹುಡುಗಿಯ ಕಣ್ಣು, ಜಡೆಯಿಂದ ಶುರು ಮಾಡಿದರೆ ಅವನು ಪುಸ್ತಕ ಮುಚ್ಚಿಡುತ್ತಾನೆ. ಅವನ ನಾಚಿಕೆಯಿಂದ ಶುರು ಮಾಡಿದರೆ ಕೂತು ಕೇಳುತ್ತಾನೆ.

ಬ್ರೈಸ್ ಜೂಲಿಯನ್ನು ನಿಜವಾಗಿ ನೋಡುವುದಕ್ಕೆ ಕಾರಣವಾಗುವವನು ಅವನ ಅಜ್ಜ. ಹೆಂಡತಿಯನ್ನು ಕಳೆದುಕೊಂಡು ಮಗಳ ಮನೆಗೆ ಬಂದಿರುವ ಆತ ಮರದ ಮೇಲಿನ ಹುಡುಗಿಯ ಬಗ್ಗೆ ಪತ್ರಿಕೆಯಲ್ಲಿ ಬಂದದ್ದನ್ನು ಮೊಮ್ಮಗನ ಕೈಗಿಡುತ್ತಾನೆ. ಇಷ್ಟು ವರ್ಷ ಎದುರು ಮನೆಯಲ್ಲಿದ್ದವಳನ್ನು ಹುಡುಗ ಸುದ್ದಿಯ ತುಣುಕಿನಲ್ಲಿ ಮೊದಲ ಸಲ ಕಾಣುತ್ತಾನೆ. ಅಜ್ಜ ಉಪದೇಶ ಮಾಡುವುದಿಲ್ಲ. ಹೋಗಿ ಜೂಲಿಯ ಮನೆಯ ಅಂಗಳ ಸರಿಮಾಡಲು ಅವಳ ಜೊತೆ ಕೆಲಸಕ್ಕೆ ನಿಲ್ಲುತ್ತಾನೆ. ಪ್ರೀತಿ ಎಂದರೆ ಏನು ಮಾಡಬೇಕು ಎಂಬುದನ್ನು ಮೊಮ್ಮಗ ಕಿಟಕಿಯಿಂದ ಕಲಿಯುತ್ತಾನೆ.

ಆದರೆ ಕಲಿತದ್ದು ತಕ್ಷಣ ಕೈಗೆ ಬರುವುದಿಲ್ಲ. ಕಾದಂಬರಿಯ ಅತಿ ಕಠಿಣ ಪುಟ ಶಾಲೆಯ ಲೈಬ್ರರಿಯಲ್ಲಿದೆ. ಜೂಲಿಗೆ ಬುದ್ಧಿ ಬೆಳೆಯದ ಚಿಕ್ಕಪ್ಪನಿದ್ದಾನೆ. ಅವನನ್ನು ನೆಪ ಮಾಡಿಕೊಂಡು ಬ್ರೈಸ್‌ನ ಗೆಳೆಯ ಗ್ಯಾರೆಟ್ ಜೂಲಿಯ ಮೇಲೆ ಒಂದು ಹೊಲಸು ಹಾಸ್ಯ ಮಾಡುತ್ತಾನೆ. ಬ್ರೈಸ್‌ಗೆ ಹೊಡೆಯಬೇಕೆನಿಸುತ್ತದೆ. ಅವನು ನಗುತ್ತಾನೆ. ಅದು ಜೂಲಿಯ ಕಿವಿಗೂ ಬೀಳುತ್ತದೆ.

ಈ ಬಗೆಯ ಪುಸ್ತಕಗಳನ್ನೆಲ್ಲ ಒಟ್ಟಿಗೆ ಇಟ್ಟುಕೊಂಡು ಓದಿದ ಮೇಲೆ ನನಗೆ ಗಟ್ಟಿಯಾಗಿ ಅನಿಸಿರುವುದು ಒಂದೇ: ಹುಡುಗ ಹೆದರುವುದು ಹುಡುಗಿಗೆ ಅಲ್ಲ, ಉಳಿದ ಹುಡುಗರ ನಗುವಿಗೆ. ಮೊದಲ ಪ್ರೀತಿಯ ಕಥೆ ಎಂದು ನಾವು ಹೆಸರಿಡುವುದೆಲ್ಲ ಹುಡುಗನ ಪಾಲಿಗೆ ಆ ನಗುವನ್ನು ತಾಳಿಕೊಳ್ಳುವ ಕಥೆ.

ಮಾರ್ಕ್ ಟ್ವೇನ್‌ಗೆ ಇದು 1876ರಲ್ಲೇ ಗೊತ್ತಿತ್ತು. ಬೆಕಿ ಥ್ಯಾಚರ್ ಬೇಲಿಯಾಚೆಗೆ ಎಸೆದ ಹೂವನ್ನು ಟಾಮ್ ಸಾಯರ್ ಬಗ್ಗಿ ಎತ್ತಿಕೊಳ್ಳುವುದಿಲ್ಲ. ಯಾರಾದರೂ ನೋಡಿಯಾರೆಂದು ಸುತ್ತಮುತ್ತ ಆಟವಾಡುತ್ತಾ ಹತ್ತಿರ ಸರಿದು, ಬರಿಗಾಲಿನ ಬೆರಳುಗಳಲ್ಲಿ ಹಿಡಿದು, ಕುಂಟಿಕೊಂಡು ಮೂಲೆ ತಿರುಗಿದ ಮೇಲೆ ಅಂಗಿಯೊಳಗೆ ಇಟ್ಟುಕೊಳ್ಳುತ್ತಾನೆ. ಮುಂದೆ ಮೇಷ್ಟ್ರ ಪುಸ್ತಕದ ಹಾಳೆ ಬೆಕಿಯ ಕೈಯಲ್ಲಿ ಹರಿದಾಗ, ಇಡೀ ಕ್ಲಾಸಿನ ಎದುರು ಎದ್ದು ನಿಂತು ತಾನೇ ಹರಿದದ್ದು ಎಂದು ಏಟು ತಿನ್ನುತ್ತಾನೆ. ಕಾಲ್ಬೆರಳಿನಿಂದ ಎದ್ದು ನಿಲ್ಲುವವರೆಗಿನ ದೂರ, ಅಷ್ಟೇ ಆ ಪ್ರೇಮಕಥೆ.

ಗ್ಯಾರಿ ಶ್ಮಿಟ್ ಅವರ ‘ದಿ ವೆನ್ಸ್‌ಡೇ ವಾರ್ಸ್’ (2007) ನನ್ನ ಇಷ್ಟದ ಪುಸ್ತಕ, ಆದರೆ ನಮ್ಮ ಮಕ್ಕಳಿಗೆ ಅದರ ಅಮೆರಿಕ ಸ್ವಲ್ಪ ದೂರ. 1967–68ರ ಲಾಂಗ್ ಐಲೆಂಡ್, ವಿಯೆಟ್ನಾಂ ಯುದ್ಧ, ಬುಧವಾರ ಮಧ್ಯಾಹ್ನ ಒಬ್ಬನೇ ಉಳಿಯುವ ಏಳನೇ ಕ್ಲಾಸಿನ ಹೋಲಿಂಗ್‌ಗೆ ಶೇಕ್ಸ್‌ಪಿಯರ್ ಓದಿಸುವ ಟೀಚರ್. ಹಳದಿ ಬಿಗಿ ಚಡ್ಡಿ, ಹಿಂದೆ ಬಿಳಿ ಪುಕ್ಕ ತೊಟ್ಟು ನಾಟಕ ಮಾಡಿದ ಅವನ ಫೋಟೊ ಶಾಲೆಯ ಗೋಡೆ ತುಂಬ ಅಂಟುತ್ತದೆ. ಅದೇ ಹುಡುಗ ಮೆರಿಲ್ ಲೀ ಎಂಬ ಸಹಪಾಠಿಯನ್ನು ‘ರೋಮಿಯೊ ಅಂಡ್ ಜೂಲಿಯೆಟ್’ ನೋಡಲು ಕರೆದೊಯ್ಯುತ್ತಾನೆ. ಇಬ್ಬರ ಅಪ್ಪಂದಿರೂ ಕಟ್ಟಡ ವಿನ್ಯಾಸಕರು, ಒಬ್ಬರಿಗೊಬ್ಬರು ಎದುರಾಳಿಗಳು.

ಓದಲು ಒಲ್ಲದ ಹುಡುಗರಿಗೆ ನಾನು ಕೊಡುವುದು ಕ್ವಾಮೆ ಅಲೆಕ್ಸಾಂಡರ್ ಅವರ ‘ದಿ ಕ್ರಾಸ್‌ಓವರ್’. 2014ರಲ್ಲಿ ಬಂತು, ಮರುವರ್ಷ ಮಕ್ಕಳ ಪುಸ್ತಕಕ್ಕೆ ಕೊಡುವ ನ್ಯೂಬೆರಿ ಪದಕ ಪಡೆಯಿತು. ಇಡೀ ಕಾದಂಬರಿ ಪದ್ಯದಲ್ಲಿದೆ. ಪದ್ಯ ಎಂದರೆ ಹೆದರುವವರೂ ಇದಕ್ಕೆ ಹೆದರುವುದಿಲ್ಲ. ಸಾಲು ಚಿಕ್ಕದು, ಪುಟದಲ್ಲಿ ಬಿಳಿ ಜಾಗ ಹೆಚ್ಚು, ಅಕ್ಷರಗಳೇ ಬಾಸ್ಕೆಟ್‌ಬಾಲಿನ ಹಾಗೆ ಪುಟಿಯುತ್ತವೆ. ಜಾಶ್ ಮತ್ತು ಜೋರ್ಡಾನ್ ಅವಳಿಗಳು, ಹನ್ನೆರಡು ವರ್ಷ, ಒಂದೇ ತಂಡ. ಗುಲಾಬಿ ಶೂ ತೊಟ್ಟ ಹೊಸ ಹುಡುಗಿ ಬರುತ್ತಾಳೆ, ಜೋರ್ಡಾನ್ ಅವಳ ಹಿಂದೆ ಹೋಗುತ್ತಾನೆ. ಕಥೆ ಹೇಳುವವನು ಮಾತ್ರ ಹಿಂದೆ ಉಳಿದ ಜಾಶ್. ಇದು ನನಗೆ ಬಹಳ ದೊಡ್ಡ ಆಯ್ಕೆಯಾಗಿ ಕಾಣುತ್ತದೆ. ಊಟದ ಹೊತ್ತಿಗೆ ಪಕ್ಕದ ಕುರ್ಚಿ ಖಾಲಿ, ಮನೆಗೆ ನಡೆದು ಹೋಗುವಾಗ ಜೊತೆಯಿಲ್ಲ, ಫೋನು ಸದಾ ಅವಳದೇ. ಒಂದು ಪಂದ್ಯದಲ್ಲಿ ಜಾಶ್ ಚೆಂಡನ್ನು ತನ್ನ ಹುಟ್ಟಿನ ಜೊತೆಗಾರನ ಮುಖಕ್ಕೆ ಬೀಸಿ ಎಸೆಯುತ್ತಾನೆ, ಮೂಗಿನಿಂದ ರಕ್ತ ಸುರಿಯುತ್ತದೆ. ನಮ್ಮ ಮೈದಾನದಲ್ಲೂ ಇಂಥ ಜಗಳ ನಡೆಯುತ್ತವೆ. ಔಟೋ ನಾಟೌಟೋ ಎಂದು ಶುರುವಾಗಿ ಕೈ ಕೈ ಮಿಲಾಯಿಸುವವರೆಗೆ ಹೋಗುತ್ತದೆ. ಸ್ಟಾಫ್‌ರೂಮಿಗೆ ಕರೆದು ಕೇಳಿದರೆ ಇಬ್ಬರೂ ಕ್ರಿಕೆಟ್ಟಿನ ಕಾರಣವನ್ನೇ ಹೇಳುತ್ತಾರೆ. ಗೆಳೆಯನೊಬ್ಬ ತನ್ನನ್ನು ಬಿಟ್ಟು ಬೇರೆಯವರ ಕಡೆ ಹೋದ ಎಂದು ಹೇಳಲು ಹುಡುಗನಿಗೆ ಮಾತು ಕೊಟ್ಟವರಿಲ್ಲ. ಈ ಪುಸ್ತಕ ಕೊಡುತ್ತದೆ.

ಸ್ವಲ್ಪ ದೊಡ್ಡವರಿಗೆ ಜೆರ್ರಿ ಸ್ಪಿನೆಲಿ ಅವರ ‘ಸ್ಟಾರ್‌ಗರ್ಲ್’ (2000). ಅರಿಜೋನದ ಹೈಸ್ಕೂಲಿಗೆ ಒಬ್ಬ ವಿಚಿತ್ರ ಹುಡುಗಿ ಬರುತ್ತಾಳೆ. ಯುಕುಲೇಲೆ ಹಿಡಿದು ಊಟದ ಹಾಲಿನಲ್ಲಿ ಹುಟ್ಟುಹಬ್ಬದ ಹಾಡು ಹಾಡುತ್ತಾಳೆ, ಸಾಕಿದ ಇಲಿಯನ್ನು ಜೊತೆಗೆ ತರುತ್ತಾಳೆ. ಲಿಯೊ ಅವಳನ್ನು ಮೆಚ್ಚುತ್ತಾನೆ, ಅವಳೂ ಅವನನ್ನು. ಆಮೇಲೆ ಶಾಲೆ ಇಬ್ಬರ ಜೊತೆಗೂ ಮಾತು ಬಿಡುತ್ತದೆ. ಆ ಮೌನವನ್ನು ಲಿಯೊ ತಾಳಲಾರ. ನೀನು ಎಲ್ಲರಂತೆ ಆಗು ಎನ್ನುತ್ತಾನೆ. ಅವಳು ಅವನಿಗಾಗಿ ಹೆಸರನ್ನೂ ಉಡುಪನ್ನೂ ಬದಲಾಯಿಸುತ್ತಾಳೆ, ಆದರೂ ಶಾಲೆ ಕರಗುವುದಿಲ್ಲ. ಕೊನೆಗೆ ಅವಳು ತನ್ನ ಮೊದಲಿನ ರೂಪಕ್ಕೆ ಮರಳುತ್ತಾಳೆ, ಅವನು ಅವಳನ್ನು ಕಳೆದುಕೊಳ್ಳುತ್ತಾನೆ. ಇಲ್ಲಿ ಹುಡುಗ ಸೋಲುತ್ತಾನೆ, ಲೇಖಕ ಅವನನ್ನು ಎತ್ತಿ ನಿಲ್ಲಿಸುವುದಿಲ್ಲ. ಮಕ್ಕಳ ಪುಸ್ತಕದಲ್ಲಿ ಅಷ್ಟು ಧೈರ್ಯ ನನಗೆ ಅಪರೂಪವಾಗಿ ಕಂಡಿದೆ.

ನಮ್ಮ ಕಡೆ ಇದು ಬರೆದವರೇ ಇಲ್ಲವೇ ಎಂದು ಹುಡುಕಿದಾಗ ಕೈಗೆ ಸಿಕ್ಕಿದ್ದು ಪಕ್ಕದ ಮರಾಠಿಯ ‘ಶಾಳಾ’. ಮಿಲಿಂದ್ ಬೋಕಿಲ್ ಅವರ ಈ ಕಾದಂಬರಿ ಬಂದದ್ದು 2004ರಲ್ಲಿ. ಮಕ್ಕಳಿಗೆಂದೇ ಬರೆದದ್ದಲ್ಲ, ಆದರೆ ಕಥೆ ಹೇಳುವವನು ಒಂಬತ್ತನೇ ಕ್ಲಾಸಿನ ಮುಕುಂದ ಜೋಶಿ. ಕಾಲ ತುರ್ತು ಪರಿಸ್ಥಿತಿಯದು. ಹುಡುಗ ಹುಡುಗಿಯರು ಬೇರೆ ಬೇರೆ ಸಾಲು, ಒಬ್ಬರನ್ನೊಬ್ಬರು ಮನೆತನದ ಹೆಸರಿನಿಂದಲೇ ಕರೆಯಬೇಕು. ಅವನು ಮೆಚ್ಚಿದ ಹುಡುಗಿ ನಮಗೂ ‘ಶಿರೋಡ್ಕರ್’ ಅಷ್ಟೇ. ಆ ಬೆಂಚು, ಆ ಬಿಸಿಲು, ಟ್ಯೂಷನ್ನಿಗೆ ಹೋಗುವ ದಾರಿ ನಮ್ಮದೇ. ಸುಜಯ್ ಡಹಾಕೆ ಇದನ್ನು ಸಿನಿಮಾ ಕೂಡ ಮಾಡಿದರು. ‘ಫ್ಲಿಪ್ಡ್’ ಕೂಡ 2010ರಲ್ಲಿ ರಾಬ್ ರೈನರ್ ನಿರ್ದೇಶನದಲ್ಲಿ ಸಿನಿಮಾ ಆಗಿದೆ. ಹಾಡಿಗೆ ಒಪ್ಪುವ ನಾಯಕಿಯರನ್ನು ನೋಡಿ ಬೆಳೆದ ಹುಡುಗರಿಗೆ ಈ ಎರಡನ್ನೂ ತೋರಿಸಬೇಕು ಎಂದು ನನ್ನ ಆಸೆ.

ಇನ್ನು ಮೈಸೂರಿನಲ್ಲಿ ಕೂತು ಮಾಲ್ಗುಡಿ ಕಟ್ಟಿದ ಆರ್.ಕೆ. ನಾರಾಯಣ್. 1935ರ ‘ಸ್ವಾಮಿ ಅಂಡ್ ಫ್ರೆಂಡ್ಸ್’ನಲ್ಲಿ ಸ್ವಾಮಿಗೆ ಹತ್ತರ ಆಸುಪಾಸು, ಅವನ ಲೋಕದಲ್ಲಿ ಮಣಿ, ರಾಜಂ, ಕ್ರಿಕೆಟ್ ತಂಡ, ಅಜ್ಜಿ. ಎರಡು ವರ್ಷದ ನಂತರ ಬಂದ ‘ದಿ ಬ್ಯಾಚಲರ್ ಆಫ್ ಆರ್ಟ್ಸ್’ನಲ್ಲಿ ಚಂದ್ರನ್ ಬಿ.ಎ. ಓದುವವನು. ಸರಯೂ ನದಿಯ ಮರಳಿನ ಮೇಲೆ ಮಾಲತಿಯನ್ನು ಕಾಣುತ್ತಾನೆ. ಅವಳ ಜೊತೆ ಒಂದು ಮಾತೂ ಆಡದೆ ಮದುವೆಗೆ ಹಠ ಹಿಡಿಯುತ್ತಾನೆ, ಜಾತಕ ಕೂಡದೆ ಹೋದಾಗ ಮನೆ ಬಿಟ್ಟು ಸನ್ಯಾಸಿಯ ವೇಷ ಹಾಕುತ್ತಾನೆ. ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರಿಸಿದ ಸ್ವಾಮಿಯನ್ನು ನಮ್ಮ ಪೀಳಿಗೆ ಕಣ್ಣಾರೆ ಕಂಡಿದೆ. ಆದರೆ ಆ ಸ್ವಾಮಿಗೂ ಈ ಚಂದ್ರನ್‌ಗೂ ನಡುವಿನ ಹನ್ನೆರಡು, ಹದಿಮೂರು, ಹದಿನಾಲ್ಕು ವರ್ಷಗಳ ಹುಡುಗ ಎಲ್ಲಿ? ಆ ವಯಸ್ಸಿನಲ್ಲಿ ಒಬ್ಬ ಹುಡುಗಿಯ ಜೊತೆ ಸಹಜವಾಗಿ ಮಾತಾಡಿ ಅಭ್ಯಾಸವಿದ್ದಿದ್ದರೆ ಚಂದ್ರನ್ ಮಾಲತಿಯ ಎದುರು ಅಷ್ಟು ಮೂಕನಾಗುತ್ತಿದ್ದನೇ ಎಂದು ಯೋಚಿಸುತ್ತೇನೆ. ಕನ್ನಡದ ಮಕ್ಕಳ ಕಾದಂಬರಿಯಲ್ಲಿ ಹಸಿರಿದೆ, ಊರಿದೆ, ಸಾಹಸವಿದೆ. ನಾ. ಡಿಸೋಜ ಅವರ ‘ಮುಳುಗಡೆಯ ಊರಿಗೆ ಬಂದವರು’ ನನ್ನ ಪೆಟ್ಟಿಗೆಯಲ್ಲಿ ಹರಿದು ಅಂಟಿಸಿದ ಪ್ರತಿ. ಆ ನಡುವಿನ ಹುಡುಗನ ಪುಸ್ತಕ ಮಾತ್ರ ನನ್ನ ಪೆಟ್ಟಿಗೆಯಲ್ಲಿ ಕನ್ನಡದಲ್ಲಿಲ್ಲ. ಯಾರಾದರೂ ಬರೆದರೆ ಮೊದಲ ಹತ್ತು ಪ್ರತಿ ನಾನೇ ಕೊಳ್ಳುತ್ತೇನೆ.

‘ಈ ವಯಸ್ಸಿಗೆ ಇದೆಲ್ಲ ಬೇಕಾ ಮೇಡಂ?’ ಎಂದು ಹಿರಿಯ ಸಹೋದ್ಯೋಗಿಯೊಬ್ಬರು ಕೇಳಿದರು. ಅವರ ಕಾಳಜಿ ನಿಜವಾದದ್ದು, ಒಂಬತ್ತನೇ ಕ್ಲಾಸಿನ ಚೀಟಿ ಮನೆಗೆ ಸಿಕ್ಕಿ ಹುಡುಗಿಯನ್ನು ಶಾಲೆ ಬಿಡಿಸಿದ್ದನ್ನು ನಾವಿಬ್ಬರೂ ನೋಡಿದ್ದೇವೆ. ‘ಸರ್, ಅವತ್ತು ಚೀಟಿ ಬರೆದವನು ಯಾವ ಪುಸ್ತಕ ಓದಿ ಬರೆದ?’ ಎಂದೆ. ಅವರು ಸುಮ್ಮನಾದರು, ನಾನೂ ಮಾತು ಬೆಳೆಸಲಿಲ್ಲ. ಹುಡುಗನ ಒಳಗೆ ಎದ್ದದ್ದನ್ನು ನಾವು ಎಬ್ಬಿಸಿದ್ದಲ್ಲ. ಅದಕ್ಕೆ ಕೂರಲು ಒಂದು ಜಾಗ ಮಾಡಿಕೊಡಬಹುದು, ಅಷ್ಟೆ.

‘ಫ್ಲಿಪ್ಡ್’ನ ಕೊನೆಯ ಭಾಗದ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಶಾಲೆಯ ಸಮಾರಂಭದಲ್ಲಿ ಎಲ್ಲರ ಎದುರು ಬ್ರೈಸ್ ಹೋಗಿ ಜೂಲಿಗೆ ಮುತ್ತು ಕೊಡಲು ನೋಡುತ್ತಾನೆ. ಅವಳು ಕೊಸರಿಕೊಂಡು ಓಡಿಹೋಗುತ್ತಾಳೆ. ನಮ್ಮ ಹುಡುಗರಿಗೆ ಇದು ದೊಡ್ಡ ಆಶ್ಚರ್ಯ. ಅವಳಿಗೆ ಏಳು ವರ್ಷದಿಂದಲೂ ಅವನೇ ಬೇಕಿದ್ದನಲ್ಲ, ಮತ್ತೇಕೆ ಓಡಿದಳು? ಆ ಒಂದು ಪ್ರಶ್ನೆಯ ಮೇಲೆ ಇಡೀ ಪೀರಿಯಡ್ ಕಳೆಯಿತು. ಮಾತಾಡಿದ್ದು ಹೆಚ್ಚು ಹುಡುಗಿಯರೇ, ಹುಡುಗರು ಕೇಳಿಸಿಕೊಂಡರು. ಅವನಿಗೆ ಈಗ ಬೇಕಾಯಿತು ಎಂದ ಮಾತ್ರಕ್ಕೆ ಅವಳಿಗೂ ಈಗಲೇ ಬೇಕಾಗಬೇಕೇ ಎಂದು ಒಬ್ಬಳು ಕೇಳಿದಳು. ಬ್ರೈಸ್ ಫೋನು ಮಾಡಿ, ಬಾಗಿಲು ತಟ್ಟಿ ಸೋತ ಮೇಲೆ ಒಂದು ದಿನ ಅವಳ ಅಂಗಳಕ್ಕೆ ಬಂದು ಗುಂಡಿ ತೋಡಿ ಒಂದು ಸಿಕಮೋರ್ ಸಸಿ ನೆಡುತ್ತಾನೆ. ಅವಳು ಕಿಟಕಿಯಿಂದ ನೋಡುತ್ತಾಳೆ. ಮಾತು ಇನ್ನೂ ಶುರುವಾಗಬೇಕು, ಪುಸ್ತಕ ಅಲ್ಲಿಗೆ ಮುಗಿಯುತ್ತದೆ.

ಕ್ಲಾಸಿನಲ್ಲಿ ಓದಿ ಮುಗಿಸಿದ ಮೇಲೆ ಆ ಪ್ರತಿಯನ್ನು ಎಂಟನೇ ಕ್ಲಾಸಿನ ಒಬ್ಬ ಕೇಳಿ ತೆಗೆದುಕೊಂಡು ಹೋದ. ಇಂಗ್ಲಿಷ್ ತಡವರಿಸಿ ಓದುವವನು, ಕಬಡ್ಡಿಯಲ್ಲಿ ಮುಂದು, ಮಾತಿನಲ್ಲಿ ಹಿಂದು. ಮೂರು ವಾರ ಇಟ್ಟುಕೊಂಡ. ಹಿಂದಿರುಗಿಸುವಾಗ ಅದಕ್ಕೆ ಖಾಕಿ ಬೈಂಡ್ ಹಾಕಿ, ಮೇಲೆ ‘ವಿಜ್ಞಾನ’ ಎಂದು ಲೇಬಲ್ ಅಂಟಿಸಿದ್ದ. ಸ್ಟಾಫ್‌ರೂಮಿನ ಬಾಗಿಲಲ್ಲೇ ನಿಂತಿದ್ದ, ಒಳಗೆ ಬರಲಿಲ್ಲ.

‘ಮೇಡಂ, ಸಿಕಮೋರ್ ಮರ ಹೆಂಗಿರುತ್ತೆ?’

ಕಾಶ್ಮೀರದ ಚಿನಾರ್ ಮರದ ಚಿತ್ರ ನೋಡಿದ್ದೀಯಲ್ಲ, ಅದರದೇ ಬಳಗ, ಬಹಳ ಎತ್ತರ ಬೆಳೆಯುತ್ತದೆ ಎಂದೆ. ತಲೆಯಾಡಿಸಿದ. ಹೋಗುತ್ತಾನೆ ಅಂದುಕೊಂಡೆ, ಹೋಗಲಿಲ್ಲ. ಬಾಗಿಲ ಚೌಕಟ್ಟಿನ ಬಣ್ಣ ಉಗುರಿನಿಂದ ಕೆರೆಯುತ್ತಾ ನಿಂತ.

‘ರೋಡ್ ಅಗಲ ಮಾಡೋವಾಗ ನಮ್ಮ ಬಸ್‌ಸ್ಟಾಪಿನ ಹುಣಸೆಮರ ಕಡಿದ್ರಲ್ಲ ಮೇಡಂ, ಹೋದ ವರ್ಷ. ಆವತ್ತು ಬಸ್ಸಲ್ಲಿ ಒಬ್ಬಳು ಅಳ್ತಾ ಇದ್ಲು.’

ಹೌದಾ ಎಂದೆ.

‘ನಾವೆಲ್ಲಾ ನಕ್ಕಿದ್ವಿ. ನಾನೂ ನಕ್ಕಿದ್ದೆ.’

ಯಾರು ಎಂದು ನಾನು ಕೇಳಲಿಲ್ಲ. ಬೆಲ್ ಹೊಡೆಯಿತು, ಅವನು ಕ್ಲಾಸಿಗೆ ಓಡಿದ.